ಗಾಜಿನ ಮೇಲೆ ಅಜ್ಜನ ಗೇಣುಗೋಲು

ದಾವಿಯಾಳ ಮುತ್ತಜ್ಜ ಬೆಲ್ಗಾಸಿಮ್ ಕುದುರೆಯ ಜೀನಿಗೆ ಚರ್ಮದಲ್ಲಿ ಚಿತ್ತಾರ ಕೊಯ್ಯುತ್ತಿದ್ದವನು. ಅವನ ಕೈಯ ಜೀನು ಹೊತ್ತ ಕುದುರೆಗೆ ಎಷ್ಟು ಜಂಬ ಹತ್ತುತ್ತಿತ್ತೆಂದರೆ, ಸಂಜೆ ಅದನ್ನು ಇಳಿಸಲು ಬಂದ ಆಳಿಗೆ ಒದೆಯುತ್ತಿತ್ತಂತೆ. ಬೆಲ್ಗಾಸಿಮನ ಮಗ ಹ್ಮೀದಾ ಕುದುರೆಗಳನ್ನು ಬಿಟ್ಟು ಮದುವಣಗಿತ್ತಿಯರ ಗಂದೂರಾಕ್ಕೆ ಕೈ ಹಾಕಿದ. ಗಂದೂರಾ ಎಂದರೆ ನಮ್ಮ ಕಾನ್‌ಸ್ಟಂಟೀನ್ ಊರಿನ ಮದುಮಗಳು ತೊಡುವ, ಕತ್ತಿನಿಂದ ಕಾಲುಗಂಟಿನವರೆಗಿನ ಮಖಮಲ್ಲಿನ ನಿಲುವಂಗಿ. ಹಸಿವಿನ ವರ್ಷದಲ್ಲಿ ಊರಲ್ಲಿ ಒಂದು ತುಂಡು ಚರ್ಮ ಸಿಗದಿದ್ದಾಗ ಹ್ಮೀದಾ ಸಿಪಾಯಿಗಳು ಎಸೆದ ಬೂಟುಗಳನ್ನು ಆಯ್ದು ತಂದು, ಬಿಸಿನೀರಲ್ಲಿ ನೆನೆಸಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆರೆದು, ಹನ್ನೊಂದು ಮದುವಣಗಿತ್ತಿಯರಿಗೆ ಚಿತ್ತಾರ ಕೊಯ್ದು ಕೊಟ್ಟ. ಹನ್ನೊಂದು ಮದುವೆಯಲ್ಲೂ ಬೂಟಿನ ವಾಸನೆ ಬಂದಿತೆಂದು ಯಾರೂ ಹೇಳಲಿಲ್ಲ.

ಹ್ಮೀದಾನ ಮಗ ರಾಬಹ್ ಫ್ರೆಂಚರ ವಿರುದ್ಧದ ಯುದ್ಧದ ಕಾಲದವನು. ಫ್ರೆಂಚ್ ಸಿಪಾಯಿಯೊಬ್ಬ ಅಂಗಡಿ ತಪಾಸಣೆಗೆ ನುಗ್ಗಿ, ಮಖಮಲ್ಲಿನ ಸುರುಳಿಯೊಳಗೆ ಏನು ಬಚ್ಚಿಟ್ಟಿದ್ದಾನೋ ಎಂದು ಬಂದೂಕಿನ ತುದಿಯ ಸಂಗೀನಿನಿಂದ ಚುಚ್ಚಿದ. ಅವನು ಆಚೆ ಹೋದ ಮೇಲೆ ರಾಬಹ್ ಆ ತೂತಿನ ಮೇಲೆ ಸರಿಯಾಗಿ ಒಂದು ದಾಳಿಂಬೆ ಹೂ ಕೂರಿಸಿದ. ಈಗಲೂ ನಮ್ಮ ಬೀದಿಯಲ್ಲಿ ಅದಕ್ಕೆ ಸಂಗೀನಿನ ಹೂ ಎಂದೇ ಹೆಸರು.

ಈ ರಾಬಹನ ಮಗಳು ದಾವಿಯಾ. ಅಣ್ಣ ಅಲ್ಲಾವಾ ಇದ್ದ, ಆದರೆ ಅವನಿಗೆ ಚೂರಿಗಿಂತ ಬಸ್ಸಿನ ಸ್ಟೀರಿಂಗ್ ಹಿಡಿಯುವುದು ಹಿತವೆನಿಸಿತು. ನಮ್ಮಲ್ಲಿ ಚಿತ್ತಾರ ಕೊಯ್ಯುವುದು ಗಂಡಸರ ಕೆಲಸ, ಕೊಯ್ದ ಚರ್ಮವನ್ನು ಮಖಮಲ್ಲಿಗೆ ಅಂಟಿಸಿದ ಮೇಲೆ ಅದರ ಮೇಲೆ ಜರಿ ಎಳೆ ಹೊದಿಸುವುದು ಹೆಂಗಸರ ಕೆಲಸ. ದಾವಿಯಾ ಹದಿನೆಂಟಕ್ಕೇ ಅಪ್ಪನ ಚೂರಿ ಎತ್ತಿಕೊಂಡು ಆ ಗೆರೆಯನ್ನು ದಾಟಿದಳು. ಬೀದಿಯವರು ಒಂದು ವರ್ಷ ಗೊಣಗಿದರು, ಆಮೇಲೆ ತಮ್ಮ ಹೆಣ್ಣುಮಕ್ಕಳ ಗಂದೂರಾಗಳನ್ನು ತಂದು ಅವಳ ಮುಂದೆಯೇ ಇಟ್ಟರು.

ಅವಳ ಅಂಗಡಿಯ ಎದುರಿಗೆ ನನ್ನ ಜರಿ ಎಳೆಯ ಅಂಗಡಿ. ಶಾಲೆಯ ಮೆಟ್ಟಿಲು ಹತ್ತದ ನಾನು ಜರಿ ಉಂಡೆಗಳ ಮೇಲಿನ ಚೀಟಿ ಓದಿಯೇ ಅಕ್ಷರ ಕಲಿತವನು. ನಲವತ್ತು ವರ್ಷದಿಂದ ಅವಳ ಕೈಯನ್ನು ನೋಡುತ್ತ ಬಂದಿದ್ದೇನೆ. ಹಾಗಾಗಿ ಆ ಕೈ ತಡವರಿಸಲು ಶುರುಮಾಡಿದ್ದು ಮೊದಲು ಗೊತ್ತಾದದ್ದು ನನಗೆ. ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಆದರೂ ಅಜ್ಜ ಹ್ಮೀದಾ ಬರೆದಿಟ್ಟ ಚಿತ್ತಾರದ ಹಾಳೆಗಳ ಸಣ್ಣ ಗೆರೆಗಳು ಅವಳಿಗೆ ಮಂಜಿನಲ್ಲಿ ಕಂಡ ದಾರಿಯಂತೆ ಕಾಣುತ್ತಿದ್ದವು. ಹಾಳೆಗಳೋ, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. ಒಂದೇ ಮದುವೆ ಸುಗ್ಗಿಯಲ್ಲಿ ಇಬ್ಬರು ಮದುವಣಗಿತ್ತಿಯರನ್ನು “ಈ ಸಲ ಚರ್ಮ ಚೆನ್ನಾಗಿಲ್ಲ” ಎಂದು ವಾಪಸು ಕಳಿಸಿದಳು. ಚರ್ಮ ಚೆನ್ನಾಗಿಯೇ ಇತ್ತು.

ಆಗ ಅಲ್ಲಾವಾನ ಮಗಳು ರಿಹಾಮ್ ಕಂಪ್ಯೂಟರ್ ಹೊತ್ತು ತಂದಳು. ಯಾವುದೋ ಕಚೇರಿಯವರು ಹೊಸದು ಬಂದಾಗ ಹಳೆಯದನ್ನು ಬಿಟ್ಟುಕೊಟ್ಟಿದ್ದರು. ಕುರಿಯ ಬೆನ್ನಿನಷ್ಟು ಅಗಲದ ಪರದೆ. ರಿಹಾಮ್ ಫೋಟೋ ಅಂಗಡಿಯಲ್ಲಿ ಹ್ಮೀದಾನ ಹಾಳೆಗಳನ್ನೆಲ್ಲ ಒಂದೊಂದಾಗಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ ಪ್ರತಿ ತೆಗೆಸಿ, ಕಂಪ್ಯೂಟರಿಗೆ ಹಾಕಿಸಿದ್ದಳು.

“ಅತ್ತೆ, ಇಲ್ಲಿ ಕೂತ್ಕೊಳ್ಳಿ. ಈ ಗುಂಡಿ ಒತ್ತಿ ಹಿಡ್ಕೊಂಡು ಈ ಕೂಡಿಸೋ ಗುರುತು ಒತ್ತಿ.”

“ಒತ್ತಿದ್ರೆ ಏನಾಗ್ತದೆ?”

“ಒತ್ತಿ ನೋಡಿ.”

ದಾವಿಯಾ ಒತ್ತಿದಳು. ಎಲೆ ದೊಡ್ಡದಾಯಿತು. ಮತ್ತೊಮ್ಮೆ ಒತ್ತಿದಳು. ಎಲೆ ಅಂಗೈಯಷ್ಟಾಯಿತು. ಹತ್ತು ಸಲ ಒತ್ತಿದ ಮೇಲೆ ಒಂದೇ ಎಲೆ ಪರದೆಯ ತುಂಬ ನಿಂತಿತು. ಹ್ಮೀದಾನ ಲೇಖನಿ ಎಲ್ಲಿ ನಿಂತು ಉಸಿರು ತೆಗೆದುಕೊಂಡಿತ್ತು, ಎಲ್ಲಿ ಮತ್ತೆ ಹೊರಟಿತ್ತು ಎಂಬುದೆಲ್ಲ ಅಲ್ಲಿ ಎದ್ದು ಕಾಣುತ್ತಿತ್ತು. ದಾವಿಯಾ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ಎದುರಿನ ಅಂಗಡಿಯಿಂದ ನನ್ನನ್ನು ಕೂಗಿದಳು.

“ಸದ್ದೂಕ್ ಅಣ್ಣಾ, ಓಡಿ ಬನ್ನಿ! ನಮ್ಮಜ್ಜ ಬಂದವ್ರೆ!”

ನಾನು ಚಪ್ಪಲಿ ಮೆಟ್ಟದೆ ಓಡಿದೆ. ಅವಳು ಹಾಳೆಯಿಂದ ಹಾಳೆಗೆ ಹಾರುತ್ತಿದ್ದಳು. ಬಳ್ಳಿಯ ಚಿತ್ತಾರದ ಐದನೆಯ ಹಾಳೆಗೆ ಬಂದಾಗ ಒಮ್ಮೆಲೇ ಕೈ ನಿಂತಿತು. ಆ ಹಾಳೆಯ ಎಲೆಯ ಕವಲಿನಲ್ಲಿ ಬಾರ್ಲಿ ಕಾಳಿನಷ್ಟು ಒಂದು ಮಸಿಯ ಚುಕ್ಕೆ ಇತ್ತು. ದಾವಿಯಾಳಿಗೆ ಏಳು ವರ್ಷವಿದ್ದಾಗ, ಅವಳೇ ಮಸಿ ಚೆಲ್ಲಿದಳೆಂದು ಅಲ್ಲಾವಾ ಚಾಡಿ ಹೇಳಿ, ತಾಯಿ ಅವಳ ಕೆನ್ನೆಗೆ ಬಿಗಿದಿದ್ದಳು. ಈಗ ಆ ಚುಕ್ಕೆ ಪಾರಿವಾಳದಷ್ಟು ದೊಡ್ಡದಾಗಿ ಪರದೆಯ ಮೇಲೆ ಕೂತಿತ್ತು. ಅದಕ್ಕೆ ಕೊಕ್ಕಿತ್ತು, ರೆಕ್ಕೆಯಿತ್ತು, ಕಣ್ಣಿನ ಜಾಗದಲ್ಲಿ ಒಂದು ಚೂರು ಬಿಳಿ ಉಳಿಸಿದ್ದೂ ಕಾಣುತ್ತಿತ್ತು.

“ಹಕ್ಕಿ!” ಎಂದಳು ದಾವಿಯಾ. “ಮಸಿ ಅಲ್ಲ, ಅಜ್ಜ ಬರೆದ ಹಕ್ಕಿ! ರಿಹಾಮ್, ನಿಮ್ಮಪ್ಪಂಗೆ ಫೋನ್ ಮಾಡು. ಅರವತ್ತು ವರ್ಷದ ಏಟು ವಾಪಸು ಕೊಡೋದಿದೆ ಅಂತ ಹೇಳು.”

ಅಲ್ಲಾವಾ ಬಂದ, ನೋಡಿದ, ಕೆಮ್ಮಿದ. “ಅಷ್ಟು ಸಣ್ಣ ಹಕ್ಕೀನ ಯಾವ ಮಗು ಕಂಡಿದ್ದೀತು ಕಣೇ? ಅಜ್ಜಂದೇ ತಪ್ಪು” ಎಂದ. ಆ ದಿನ ಅಂಗಡಿಯಲ್ಲಿ ಕಾಫಿ ಮೂರು ಸಲ ಕುದಿಯಿತು.

ಅಂದಿನಿಂದ ದಾವಿಯಾ ಹೊಸ ಪದ್ಧತಿ ಹಿಡಿದಳು. ಹೊಸದೇನೂ ಅಲ್ಲ, ಹಳೆಯದೇ. ನಮ್ಮಲ್ಲಿ ಚಿತ್ತಾರ ಇಳಿಸುವವರು ಯಾವತ್ತೂ ಹಾಳೆಯನ್ನು ಕಿಟಕಿಯ ಗಾಜಿಗೆ ಹಿಡಿದು, ಅದರ ಮೇಲೆ ತೆಳು ಕಾಗದವಿಟ್ಟು, ಬೆಳಕಿನಲ್ಲಿ ಗೆರೆಯ ಮೇಲೆ ಗೆರೆ ಎಳೆಯುತ್ತಾರೆ. ದಾವಿಯಾಳ ಪಾಲಿಗೆ ಪರದೆಯೂ ಒಂದು ಕಿಟಕಿ, ಹಿಂದಿನಿಂದ ಬೆಳಕು ಬರುವ ಕಿಟಕಿ. ಪರದೆಗೇ ತೆಳು ಕಾಗದ ಅಂಟಿಸಿ, ಮೆತ್ತನೆಯ ಸೀಸದ ಕಡ್ಡಿಯಿಂದ ಚಿತ್ತಾರ ಇಳಿಸಿಕೊಳ್ಳತೊಡಗಿದಳು. ಅಜ್ಜನ ಅಸಲು ಹಾಳೆಯನ್ನು ಒಮ್ಮೆ ಪರದೆಯ ಪಕ್ಕಕ್ಕೆ ಹಿಡಿದು, ಎಷ್ಟು ಒತ್ತಿದರೆ ಎರಡೂ ಒಂದೇ ಸಮವಾಗುತ್ತವೆ ಎಂದು ನೋಡಿಕೊಂಡಳು. ನಾಲ್ಕು ಒತ್ತಿಗೆ ಸಮವಾಯಿತು. ಹೊಲಿಗೆ ಎಣಿಸುವ ಬುದ್ಧಿಯವಳು, ಅದನ್ನೂ ಎಣಿಕೆಯಲ್ಲೇ ನೆನಪಿಟ್ಟುಕೊಂಡಳು. ನೋಡಲು ಹತ್ತು ಒತ್ತು, ಇಳಿಸಲು ನಾಲ್ಕು ಒತ್ತು.

ವಸಂತ ಬಂತು. ಮನೆಮನೆಯಲ್ಲೂ ತಾಮ್ರದ ಹಂಡೆಯಲ್ಲಿ ಗುಲಾಬಿ ನೀರು ಇಳಿಸುವ ಕಾಲ, ಮದುವೆಗಳಿಗೆ ತಯಾರಿ ನಡೆಯುವ ಕಾಲ. ಹಜ್ ಯಾತ್ರೆ ಮಾಡಿ ಬಂದಿದ್ದ ಹಾಜ್ಜಾ ಯಮೂನಾ ತನ್ನ ಮೊಮ್ಮಗಳು ಫೆಲ್ಲಾಳ ಗಂದೂರಾ ತಂದಳು. ಕಡುನೇರಳೆ ಮಖಮಲ್ಲು. ಅಂಚಿನಿಂದ ಎದೆಯವರೆಗೆ ಹತ್ತುವ ಹ್ಮೀದಾನ ಬಳ್ಳಿಯೇ ಆಗಬೇಕೆಂದಳು. ಆ ಬಳ್ಳಿಗೆ ಆರು ಹಾಳೆ. ಒಂದರ ದಂಟು ಮುಗಿದಲ್ಲಿ ಇನ್ನೊಂದರ ದಂಟು ಶುರುವಾಗಬೇಕು.

“ಸೇತುವೆ ಆಚೆ ಯಂತ್ರದ ಕಸೂತಿಯವನು ಹತ್ತು ದಿನಕ್ಕೆ ಪೂರಾ ಮುಗಿಸಿಕೊಡ್ತೀನಿ ಅಂದ,” ಎಂದಳು ಹಾಜ್ಜಾ. “ನಿನ್ನ ಕಣ್ಣಿನ ಬಗ್ಗೆ ಜನ ಏನೇನೋ ಆಡ್ತಾರೆ ದಾವಿಯಾ. ನಾನು ನಂಬಿಲ್ಲ. ನಂಬೋ ಹಾಗೆ ಮಾಡ್ಬೇಡ.”

ಅವಳು ಹೋದ ಮೇಲೆ ದಾವಿಯಾ ನನಗೆ ಹೇಳಿದಳು: “ಇದು ನನ್ನ ಪರೀಕ್ಷೆ ಅಣ್ಣಾ. ಇದು ಕೆಟ್ರೆ ಅಪ್ಪನ ಚೂರಿ ಪೆಟ್ಟಿಗೆಗೆ ಹಾಕಿ ಬೀಗ ಜಡೀತೀನಿ. ಯಾರೂ ಹೇಳೋದು ಬೇಡ, ನಾನೇ ಹಾಕ್ತೀನಿ.”

ಗುರುವಾರದ ಹೊತ್ತಿಗೆ ಐದು ಹಾಳೆ ಇಳಿಸಿ, ಚರ್ಮ ಕೊಯ್ದು ಮುಗಿಸಿದ್ದಳು. ಉಳಿದದ್ದು ಎದೆಯ ಮೇಲೆ ಕೂರುವ ಆರನೆಯದು ಮಾತ್ರ. ಶುಕ್ರವಾರ ಪ್ರಾರ್ಥನೆಯ ನಂತರ ಅಲ್ಲಾವಾ ಸುದ್ದಿ ಓದಲು ಬಂದ. ನಾನೂ ಅಲ್ಲೇ ಕೂತು ಒಣದ್ರಾಕ್ಷಿ ಮೆಲ್ಲುತ್ತಿದ್ದೆ. ದಾವಿಯಾ ಮನೆಯಲ್ಲಿ ಮಧ್ಯಾಹ್ನದ ಅಡುಗೆ ನೋಡುತ್ತಿದ್ದಳು.

“ಇದೇನಪ್ಪ, ಒಂದೊಂದು ಅಕ್ಷರ ರೊಟ್ಟಿ ಗಾತ್ರ ಇದೆ!” ಎಂದ ಅಲ್ಲಾವಾ. “ಮೂರು ಅಕ್ಷರ ಓದೋಕೆ ಪರದೆ ಮೂರು ಸಲ ಉರುಳಿಸ್ಬೇಕು. ನನಗೇನು ಕಣ್ಣು ಹೋಗಿದ್ಯಾ?”

ಎಪ್ಪತ್ತೆರಡರ ಆ ಬಸ್ಸು ಚಾಲಕನಿಗೆ ಕಣ್ಣು ಇನ್ನೂ ಹದ್ದಿನದೇ. ರಿಹಾಮ್ ಅತ್ತೆಗೆಂದು ಇಡೀ ಪರದೆಯನ್ನೇ ದೊಡ್ಡ ಅಳತೆಗೆ ಕೂರಿಸಿಟ್ಟಿದ್ದಳು. ಅಲ್ಲಾವಾ ಅಲ್ಲಿ ಇಲ್ಲಿ ಒತ್ತಿ, ಆ ಅಳತೆಯನ್ನು ಹುಡುಕಿ, ಒಂದು ಮೆಟ್ಟಿಲು ಕೆಳಗಿಳಿಸಿದ. ಸುದ್ದಿ ಓದಿದ, ಯಾರೋ ಸತ್ತದ್ದಕ್ಕೆ ಲೊಚಗುಟ್ಟಿದ, ಎದ್ದು ಹೋದ. ಮತ್ತೆ ಮೇಲೇರಿಸಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ದಾವಿಯಾ ಪರದೆಯ ಮುಂದೆ ಕೂತಾಗ ಅಕ್ಷರಗಳು ಸಣ್ಣಗೆ ಕಂಡವು. ಕಣ್ಣು ಮತ್ತೆ ಕೈಕೊಡುತ್ತಿದೆ ಎಂದುಕೊಂಡಳಂತೆ. ರಿಹಾಮಳನ್ನು ಕೇಳಿದ್ದರೆ ಅರೆ ನಿಮಿಷದ ಕೆಲಸ. ಕೇಳಲಿಲ್ಲ. ಕೇಳಿದರೆ ಕಣ್ಣಿನ ಸುದ್ದಿ ಹೊರಬೀಳುತ್ತದಲ್ಲ! ಹಲ್ಲು ಕಚ್ಚಿ, ನಾಲ್ಕು ಒತ್ತು ಎಣಿಸಿ, ಎದೆಯ ಹಾಳೆಯನ್ನು ಇಳಿಸಿಕೊಂಡಳು. ಭಾನುವಾರ ಚರ್ಮ ಕೊಯ್ದಳು.

ಸೋಮವಾರ ಚಿತ್ತಾರ ಹಾಸುವ ದಿನ. ಒಮ್ಮೆ ಅಂಟು ಹಾಕಿದರೆ ಚರ್ಮ ಮಖಮಲ್ಲನ್ನು ಬಿಡುವುದಿಲ್ಲ. ಬಿಟ್ಟರೂ ಕಲೆ ಉಳಿಸಿಯೇ ಬಿಡುತ್ತದೆ. ಅದಕ್ಕೇ ಅಂಟಿಸುವ ಮೊದಲು ಮದುಮಗಳ ಮನೆಯ ಹೆಂಗಸರು ಬಂದು, ಬರೀ ಹಾಸಿದ ಚಿತ್ತಾರವನ್ನು ನೋಡಿ ಒಪ್ಪಬೇಕು. ಕೊನೆಯ ತುಂಡು ಕೂತ ಕ್ಷಣ ನಾಲಿಗೆ ಹೊರಳಿಸಿ ಯೂಯೂ ಎಂದು ಮಂಗಳದ ಕೂಗು ಹಾಕುವುದು ಪದ್ಧತಿ. ಹಾಜ್ಜಾ ಯಮೂನಾ, ಫೆಲ್ಲಾ, ಫೆಲ್ಲಾಳ ತಾಯಿ ಮೂವರೂ ಬಂದರು. ಅಕ್ರೋಟು, ಜೇನು ಕಲಸಿದ ಜೌಝಿಯಾ ಮಿಠಾಯಿಯ ತಟ್ಟೆ ತಂದಿದ್ದರು. ಜರಿಯ ಲೆಕ್ಕ ಹಿಡಿಯಲು ನಾನೂ ಇದ್ದೆ.

ದಾವಿಯಾ ಅಂಚಿನಿಂದ ಹಾಸುತ್ತ ಬಂದಳು. ಒಂದು, ಎರಡು, ಮೂರು. ಬಳ್ಳಿ ಹತ್ತುತ್ತಿತ್ತು. ಫೆಲ್ಲಾ ಬಾಯಿಗೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ನಾಲ್ಕು, ಐದು. ಆರನೆಯದನ್ನು ಎದೆಯ ಮೇಲೆ ಇಟ್ಟಳು.

ಯಾರೂ ಕೂಗಲಿಲ್ಲ. ಕೆಳಗಿನ ದಂಟು ಹೆಬ್ಬೆರಳಿನ ದಪ್ಪ, ಮೇಲಿನದು ಅದಕ್ಕಿಂತ ಸಣ್ಣ. ಎದೆಯ ಚಿತ್ತಾರ ಕತ್ತಿಗೆ ತಾಗಿಸಿದರೆ ಕೆಳಗೆ ದಂಟು ಸೇರದು, ದಂಟಿಗೆ ಸೇರಿಸಿದರೆ ಮೇಲೆ ಕತ್ತಿನ ಬಳಿ ಬೋಳು.

“ನಮ್ಮ ಹುಡುಗಿ ಎದೆ ಮೇಲೆ ಎಳೆಮಗುವಿನ ಅಂಗಿ ಹೊಲಿದ ಹಾಗಾಯ್ತಲ್ಲ,” ಎಂದಳು ಹಾಜ್ಜಾ. ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. “ದಾವಿಯಾ, ನಾನು ಜನರ ಬಾಯಿ ಮುಚ್ಚಿಸ್ತಾ ಬಂದೆ. ಈಗ ಏನಂತ ಮುಚ್ಚಿಸ್ಲಿ?”

“ಗುರುವಾರ ಬನ್ನಿ,” ಎಂದಳು ದಾವಿಯಾ.

“ಗುರುವಾರದವರೆಗೆ ಮಾತ್ರ. ಆಮೇಲೆ ಸೇತುವೆ ದಾಟ್ತೀನಿ.” ಮಿಠಾಯಿಯ ತಟ್ಟೆ ಮುಚ್ಚಿದ ಹಾಗೇ ವಾಪಸು ಹೊರಟುಹೋಯಿತು.

ಅವರು ಹೋದ ಮೇಲೆ ದಾವಿಯಾ ಪೆಟ್ಟಿಗೆ ತೆರೆದಳು. ಚೂರಿ ಇಡಲಿಕ್ಕೇ ತೆರೆದಳೆಂದುಕೊಂಡೆ. ಆದರೆ ಅವಳು ಇಡಲಿಲ್ಲ, ತೆಗೆದಳು. ಹ್ಮೀದಾನ ಗೇಣುಗೋಲು. ಆಲಿವ್ ಮರದ್ದು. ಇಪ್ಪತ್ತೈದರ ಹರೆಯದಲ್ಲಿ ಹ್ಮೀದಾ ತನ್ನ ಗೇಣಿನ ಅಳತೆಗೆ ಕೊಯ್ದುಕೊಂಡು, ಹನ್ನೆರಡು ಕಚ್ಚು ಹಾಕಿದ್ದ. ಅವನ ಚಿತ್ತಾರದ ಹಾಳೆಗಳೆಲ್ಲ ಉದ್ದಕ್ಕೆ ಸರಿಯಾಗಿ ಒಂದು ಗೇಣುಗೋಲು. ಕೋಲನ್ನು ಕೊಯ್ದ ಚರ್ಮದ ಮೇಲಿಟ್ಟಳು. ಐದು ತುಂಡೂ ಹನ್ನೆರಡು ಕಚ್ಚು. ಎದೆಯದು ಹತ್ತು.

ಆಮೇಲೆ ಎದೆಯ ತುಂಡನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಎಲೆ ಎಲೆಯ ಅಂಚನ್ನೂ ಸವರಿದಳು. ಹಾಗೇ ಸವರುತ್ತ ಸವರುತ್ತ ನಗಲು ಶುರುಮಾಡಿದಳು. ನನಗೆ ಭಯವಾಯಿತು.

“ಯಾಕಮ್ಮಾ?”

“ಸದ್ದೂಕ್ ಅಣ್ಣಾ, ಈ ಎಲೆ ನೋಡಿ. ಎಲ್ಲಾದ್ರೂ ಡೊಂಕಿದ್ಯಾ?”

“ಇಲ್ಲ.”

“ಈ ಹೂ? ಈ ದಂಟು?”

“ಇಲ್ಲ. ಅಚ್ಚುಕಟ್ಟಾಗಿದೆ.”

“ಕಣ್ಣು ಕೈಕೊಟ್ಟಿದ್ರೆ ಗೆರೆ ಕುಣೀಬೇಕಿತ್ತು. ಒಂದು ಎಲೆ ಹಿಗ್ಗಿ ಇನ್ನೊಂದು ಕುಗ್ಗಬೇಕಿತ್ತು. ಇಲ್ಲಿ ಎಲ್ಲಾನೂ ಒಂದೇ ಸಮ ಕುಗ್ಗಿದೆ. ಇದು ನನ್ನ ಕಣ್ಣು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದೂ ಅಲ್ಲ!” ಮೇಜು ಕುಟ್ಟಿದಳು. “ಯಾವನೋ ನನ್ನ ಕಿಟಕೀನೇ ಚಿಕ್ಕದು ಮಾಡವ್ನೆ!”

ಆಗ ನನಗೆ ಶುಕ್ರವಾರ ಒಣದ್ರಾಕ್ಷಿ ಮೆಲ್ಲುತ್ತ ಕಂಡದ್ದು ನೆನಪಾಯಿತು. ಅಲ್ಲಾವಾನ ಹೆಸರು ಹೇಳಿದೆ. ರಿಹಾಮ್ ಬಂದು ನೋಡಿ ಹೌದೆಂದಳು. ಅಲ್ಲಾವಾನೂ ಬಂದ. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡ.

“ಮೊದಲು ಮಸಿ ಚುಕ್ಕೆ, ಈಗ ಇದು,” ಎಂದಳು ದಾವಿಯಾ. “ನಿನಗೆ ಎರಡು ಏಟು ಬಾಕಿ ಇದೆ ಅಣ್ಣ.”

“ಹೊಡಿ ಮಾರಾಯ್ತಿ. ಕನ್ನಡಕ ತೆಗೆದು ಹೊಡಿ, ಗುರಿ ತಪ್ಪಲಿ.”

ಎಲ್ಲರೂ ನಕ್ಕೆವು. ರಿಹಾಮ್ ಪರದೆಯನ್ನು ಮೊದಲಿನ ಅಳತೆಗೆ ಏರಿಸಿದಳು. “ಆಯ್ತು ಅತ್ತೆ, ಈಗ ನಾಲ್ಕು ಒತ್ತಿದ್ರೆ ಸರಿಯಾಗ್ತದೆ.”

“ಇವತ್ತು ಸರಿಯಾಗ್ತದೆ. ಮುಂದಿನ ಶುಕ್ರವಾರ?” ಎಂದಳು ದಾವಿಯಾ. ಗೇಣುಗೋಲನ್ನು ಅಂಗೈಗೆ ತಟ್ಟುತ್ತ ಯೋಚಿಸಿದಳು. “ಒತ್ತು ಎಣಿಸಿದ್ದೇ ನನ್ನ ತಪ್ಪು. ಬಟ್ಟೆ ಅಳೆಯೋವಾಗ ನಾನು ಕೋಲು ಬಿಟ್ಟು ಬೆರಳು ಎಣಿಸ್ತೀನಾ? ಬಾರೇ, ಫೋಟೋ ಅಂಗಡಿಗೆ.”

ಫೋಟೋ ಅಂಗಡಿಯ ಮುರಾದ್ ಗಾಜಿನ ಪೆಟ್ಟಿಗೆ ತೆರೆದು ಹಾಳೆ ಮಲಗಿಸಿದ. ದಾವಿಯಾ ಹಾಳೆಯ ಪಕ್ಕಕ್ಕೆ ಗೇಣುಗೋಲನ್ನೂ ಮಲಗಿಸಿದಳು.

“ಲಾಲ್ಲಾ ದಾವಿಯಾ, ಕೋಲು ಯಾಕೆ? ಅದಕ್ಕೂ ಪ್ರತಿ ಬೇಕಾ?”

“ಬೇಕು. ಹಾಳೆ ಜೊತೆ ಕೋಲೂ ಒಳಗೆ ಹೋಗ್ಬೇಕು. ಮುಚ್ಚಳ ಮೆತ್ತಗೆ ಹಾಕಪ್ಪ, ನಮ್ಮಜ್ಜನ ಗೇಣದು.”

“ನನ್ನ ಅಂಗಡೀಗೆ ಜನ ಮಕ್ಕಳ ಫೋಟೋ ತರ್ತಾರೆ, ಗುರುತಿನ ಚೀಟಿ ತರ್ತಾರೆ. ಕೋಲಿನ ಫೋಟೋ ಇದೇ ಮೊದಲು,” ಎಂದು ಮುರಾದ್ ನಕ್ಕ. ಆರು ಹಾಳೆಗೂ ಕೋಲು ಇಟ್ಟು ತೆಗೆದುಕೊಟ್ಟ.

ಆಗಷ್ಟೇ ಅವಳ ಉಪಾಯ ನಮ್ಮ ತಲೆಗೆ ಇಳಿದದ್ದು. ಅಂಗಡಿಗೆ ಬಂದು ಎದೆಯ ಹಾಳೆ ತೆರೆದಳು. ಪರದೆಯ ಮೇಲೆ ಬಳ್ಳಿ, ಬಳ್ಳಿಯ ಪಕ್ಕ ಕೋಲು. ಕೈಯಲ್ಲಿದ್ದ ಅಸಲು ಕೋಲನ್ನು ಗಾಜಿನ ಮೇಲೆ, ಚಿತ್ರದ ಕೋಲಿಗೆ ತಾಗಿಸಿ ಹಿಡಿದಳು. ಚಿತ್ರದ್ದು ಗಿಡ್ಡವಿತ್ತು. ಒತ್ತಿದಳು. ಇನ್ನೂ ಗಿಡ್ಡ. ಒತ್ತಿದಳು. ಉದ್ದವಾಯಿತು, ಒಂದು ಸಲ ಇಳಿಸಿದಳು. ಅಲ್ಲಾವಾನನ್ನು ಕರೆದು, “ನಿನಗೆ ಬೇಕಾದ ಹಾಗೆ ಕೆಡಿಸು,” ಎಂದಳು. ಅವನು ಇಡೀ ಪರದೆಯನ್ನು ಸಣ್ಣದು ಮಾಡಿದ, ದೊಡ್ಡದು ಮಾಡಿದ. ಪ್ರತಿ ಸಲವೂ ಅವಳು ಕೋಲಿಗೆ ಕೋಲು ಹಿಡಿದು, ಹನ್ನೆರಡು ಕಚ್ಚು ಹನ್ನೆರಡಕ್ಕೆ ಕೂಡುವವರೆಗೆ ಒತ್ತಿ, “ಇದೋ ನೋಡು!” ಎಂದಳು. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಗುವಿನಂತಿತ್ತು ಅವಳ ಮುಖ. ಕಚ್ಚಿನ ಮೇಲೆ ಕಚ್ಚು ಕೂತ ಆ ಕ್ಷಣದಲ್ಲಿ ಹ್ಮೀದಾನ ಗೇಣು ಗಾಜಿನ ಒಳಗೂ ಹೊರಗೂ ಒಂದೇ ಆಗಿ ನಿಲ್ಲುತ್ತಿತ್ತು.

ಮಂಗಳವಾರ ಇಳಿಸಿದಳು, ಬುಧವಾರ ಕೊಯ್ದಳು. ಗುರುವಾರ ಹಾಜ್ಜಾ ಯಮೂನಾ ಅದೇ ಮಿಠಾಯಿ ತಟ್ಟೆ ಹಿಡಿದು ಬಂದಳು. ಮುಚ್ಚಿದ ಬಟ್ಟೆ ತೆಗೆದಿರಲಿಲ್ಲ. ಮುಖವೂ ಬಿಗಿದುಕೊಂಡೇ ಇತ್ತು.

ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದನ್ನು ದಾವಿಯಾ ಎರಡು ಕೈಯಲ್ಲೂ ಹಿಡಿದು ಇಳಿಸಿದಳು. ದಂಟಿಗೆ ದಂಟು ಸೇರಿತು, ಕತ್ತಿನ ಅಂಚಿಗೆ ಮೊಗ್ಗು ತಾಗಿತು. ನಡುವಿನ ಮಟ್ಟದಲ್ಲಿ, ಎರಡು ಹಾಳೆ ಕೂಡುವ ಎಲೆಯ ಕವಲಿನಲ್ಲಿ, ಒಂದು ಚರ್ಮದ ಚೂರನ್ನು ಸೂಜಿಯ ಮೊನೆಯಿಂದ ಎತ್ತಿ ಕೂರಿಸಿದಳು.

“ಅದೇನದು, ಧೂಳು?” ಎಂದಳು ಹಾಜ್ಜಾ.

“ನೀವೇ ನೋಡಿ.”

ಹಾಜ್ಜಾ ಬಗ್ಗಿದಳು, ಕಣ್ಣು ಕಿರಿದು ಮಾಡಿದಳು, ಮೂಗು ಮಖಮಲ್ಲಿಗೆ ತಾಗುವಷ್ಟು ಬಗ್ಗಿದಳು. “ಕಾಣಲ್ಲ ಕಣೇ.”

ಫೆಲ್ಲಾ ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದು, ಪರದೆಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು. ಚೂರು ಹಿಗ್ಗಿತು. ಕೊಕ್ಕು ಬಂತು, ರೆಕ್ಕೆ ಬಂತು.

“ಅಜ್ಜೀ, ಹಕ್ಕಿ! ನನ್ನ ಗಂದೂರಾದಲ್ಲಿ ಹಕ್ಕಿ!”

“ನಮ್ಮಜ್ಜ ಬಚ್ಚಿಟ್ಟಿದ್ದು,” ಎಂದಳು ದಾವಿಯಾ. “ಯಂತ್ರದವನ ಹತ್ರ ಇದು ಇರಲಿಲ್ಲ. ನನ್ನ ಹತ್ರಾನೂ ಇದೆ ಅಂತ ಈಚೆಗೆ ಗೊತ್ತಾಯ್ತು.”

ಹಾಜ್ಜಾ ನೆಟ್ಟಗಾದಳು. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಯೂಯೂ ಹಾಕಿದಳು ನೋಡಿ, ಎಂಬತ್ತರ ಗಂಟಲು ಅದು, ಬೀದಿಯ ಕೊನೆಯ ತಾಮ್ರದ ಕೆಲಸದವರು ಸುತ್ತಿಗೆ ನಿಲ್ಲಿಸಿದರು. ಫೆಲ್ಲಾ ಹಾಕಿದಳು, ಅವಳ ತಾಯಿ ಹಾಕಿದಳು, ಮಹಡಿಯ ಕಿಟಕಿಗಳಿಂದ ಏನೆಂದು ಗೊತ್ತಿಲ್ಲದ ಹೆಂಗಸರೂ ಜೊತೆಗೂಡಿದರು. ಮಿಠಾಯಿ ತಟ್ಟೆ ತೆರೆಯಿತು. ಹೋಗುವ ಮೊದಲು ಹಾಜ್ಜಾ ದಾವಿಯಾಳ ಕಿವಿಯಲ್ಲಿ, ತನ್ನ ತಂಗಿಯ ಮನೆಯಲ್ಲೂ ಬೇಸಿಗೆಗೆ ಮದುವೆ ಇದೆ ಎಂದು ಹೇಳಿದ್ದು ನನಗೂ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದು ಅದು.

ಅವರನ್ನು ಕಳಿಸಿ, ಕಾಫಿಗೆ ಕಿತ್ತಳೆ ಹೂವಿನ ನೀರು ಹನಿಸಿಕೊಂಡು ನಾವು ನಾಲ್ವರೂ ಕೂತೆವು. ಅಲ್ಲಾವಾನ ಮನಸ್ಸು ಇನ್ನೂ ತಪ್ಪಿನ ಭಾರದಲ್ಲೇ ಇತ್ತು.

“ದಾವಿಯಾ, ಇನ್ಮೇಲೆ ನಾನು ಈ ಕಂಪ್ಯೂಟರ್ ಮುಟ್ಟಲ್ಲ. ರಿಹಾಮ್ ಅದಕ್ಕೆ ಬೀಗದ ಗುಟ್ಟು ಹಾಕಿಬಿಡ್ಲಿ,” ಎಂದ.

“ಬೀಗ ಯಾಕಪ್ಪ?” ಎಂದಳು ರಿಹಾಮ್. “ಅತ್ತೆ, ಮುರಾದ್ ಹತ್ರ ಎಲ್ಲ ಹಾಳೇನೂ ಸರಿ ಅಳತೆಗೇ ಅಚ್ಚು ಹಾಕಿಸ್ತೀನಿ. ನೀವು ಗಾಜಿನ ಮುಂದೆ ಕೂತು ಇಳಿಸೋದೇ ಬೇಡ. ಇನ್ನೂ ಬೇಕಂದ್ರೆ, ಚರ್ಮಾನೂ ತಾನೇ ಕೊಯ್ಯೋ ಯಂತ್ರ ಬಂದಿದೆ. ನಾನು ಓಡಾಡಿ ಎಲ್ಲ ಮಾಡಿಸಿಕೊಡ್ತೀನಿ.”

ದಾವಿಯಾ ಗೇಣುಗೋಲನ್ನು ತಲೆವಸ್ತ್ರದ ತುದಿಯಿಂದ ಒರೆಸಿ, ಪೆಟ್ಟಿಗೆಗೆ ಹಾಕದೆ ಪರದೆಯ ಪಕ್ಕದ ಮೊಳೆಗೆ ನೇತುಹಾಕಿದಳು.

“ಬೇಡ ಮಗಳೇ. ಅಚ್ಚೂ ಬೇಡ, ಬೀಗಾನೂ ಬೇಡ, ಕೊಯ್ಯೋ ಯಂತ್ರ ಅಂತೂ ಬೇಡವೇ ಬೇಡ. ಅಣ್ಣ, ನೀನು ಶುಕ್ರವಾರ ಬಾ, ನಿನಗೆ ಬೇಕಾದಷ್ಟು ಚಿಕ್ಕದು ಮಾಡ್ಕೊಂಡು ಸುದ್ದಿ ಓದು. ದೊಡ್ಡದು ಮಾಡ್ಕೊಳ್ಳೋದು ನನಗೆ ಗೊತ್ತು.”